ಗಾರ್ಲಿಟ್ಸ್ ಡ್ರ್ಯಾಗ್‌ಸ್ಟರ್ 1/25: ಕಪ್ಪು ಬಣ್ಣ, ಕ್ರೋಮ್, ಪ್ಲಗ್ ತಂತಿ – ಸಲಹೆ ಬೇಕು

ಚಿಕ್ಕಗಾಡಿ, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. ಎಂಪಿಸಿ ಕಂಪನಿಯ 1/25 ಅಳತೆಯ ಪ್ಲಾಸ್ಟಿಕ್ ಮಾದರಿ, ಅಮೆರಿಕದ ಕಾರು ಓಟಗಾರ ಡಾನ್ ಗಾರ್ಲಿಟ್ಸ್ ಅವರ ‘ವಿನ್ಸ್ ಚಾರ್ಜರ್’ ಡ್ರ್ಯಾಗ್‌ಸ್ಟರ್ ಕಿಟ್ ಕೊನೆಗೂ ಕೈಸೇರಿದೆ. ರೌಂಡ್ 2 ಕಂಪನಿ ಮತ್ತೆ ಹೊರತಂದ ಪೆಟ್ಟಿಗೆ. ಡ್ರ್ಯಾಗ್‌ಸ್ಟರ್ ಎಂದರೆ ನೇರ ಪಟ್ಟಿಯಲ್ಲಿ ಸ್ವಲ್ಪ ದೂರ ಮಾತ್ರ ಓಡುವ ಉದ್ದನೆಯ ಓಟದ ಕಾರು; ಇದು ಎಂಜಿನ್ ಚಾಲಕನ ಬೆನ್ನ ಹಿಂದೆ ಇರುವಂಥದ್ದು. ನಾನು ಇಲ್ಲಿಯವರೆಗೆ ಕಟ್ಟಿದ್ದೆಲ್ಲ ರಸ್ತೆಯ ಕಾರುಗಳು. ಬಾನೆಟ್ ಮುಚ್ಚಿಬಿಟ್ಟರೆ ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. ಇದರಲ್ಲಿ ಮುಚ್ಚಲು ಬಾನೆಟ್ಟೇ ಇಲ್ಲ. ಎಂಜಿನ್, ಅದಕ್ಕೆ ಗಾಳಿ ತುಂಬುವ ಬ್ಲೋವರ್, ಪೈಪು, ಚಾಸಿಸ್ಸಿನ ಕೊಳವೆ ಎಲ್ಲವೂ ಬಯಲಿಗೆ. ಆದ್ದರಿಂದ ಅಂಟಿನ ಬಾಟಲಿ ತೆರೆಯುವ ಮೊದಲೇ ಕೇಳುತ್ತಿದ್ದೇನೆ.

ಬಾಡಿ ಪೂರ್ತಿ ಹೊಳೆಯುವ ಕಪ್ಪು. ಸ್ಪ್ರೇ ಕ್ಯಾನ್ ಸಾಕೇ, ಏರ್‌ಬ್ರಷ್ ಬೇಕೇ? ಕಿಟ್‌ನ ಕ್ರೋಮ್ ಕಣ್ಣಿಗೆ ಹೊಡೆಯುವಷ್ಟು ಮಿನುಗುತ್ತದೆ, ಅದನ್ನು ತೆಗೆಯುವುದು ಹೇಗೆ? ಪ್ಲಗ್ ತಂತಿಗಳು ಕಿಟ್‌ನಲ್ಲಿಲ್ಲ, ನಾನೇ ಎಳೆಯಬೇಕು. ಎಷ್ಟು ದಪ್ಪದ ತಂತಿ, ಎಲ್ಲಿಂದ ಎಲ್ಲಿಗೆ? ಇನ್ನೊಂದು ವಿಷಯ: ಸೂಚನೆಯ ಹಾಳೆಯನ್ನು ಎಷ್ಟು ತಿರುವಿ ನೋಡಿದರೂ ರೇಡಿಯೇಟರ್ ಕಾಣುತ್ತಿಲ್ಲ. ಪೆಟ್ಟಿಗೆಯಲ್ಲಿ ಭಾಗವೇನಾದರೂ ತಪ್ಪಿಹೋಗಿದೆಯೇ?

ಹಳೆಯ ಪಿಸ್ಟನ್, ಮೈಸೂರು:
ಪೆಟ್ಟಿಗೆ ಸರಿಯಾಗಿದೆ. ಟಾಪ್ ಫ್ಯೂಯಲ್ (ಡ್ರ್ಯಾಗ್ ಓಟದ ಅತಿ ವೇಗದ ವರ್ಗ) ಕಾರಿಗೆ ರೇಡಿಯೇಟರ್ ಇರುವುದಿಲ್ಲ. ಈ ಕಾರಿನ ಕಾಲದಲ್ಲಿ ಓಟವೇ ಕಾಲು ಮೈಲಿ, ಅಂದರೆ 402 ಮೀಟರ್. ಅದೂ ಏಳು ಸೆಕೆಂಡಿನೊಳಗೆ ಮುಗಿಯುತ್ತಿತ್ತು. ಉರಿಯುವುದು ನೈಟ್ರೋಮೀಥೇನ್. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ನೈಟ್ರೋಮೀಥೇನ್‌ಗೆ ಸುಮಾರು 1.7 ಕಿಲೋ ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಎಷ್ಟೋ ಪಟ್ಟು ಹೆಚ್ಚು ಇಂಧನವನ್ನು ಎಂಜಿನ್ನಿಗೆ ಸುರಿಯುತ್ತಾರೆ. ಅದು ಆವಿಯಾಗುವಾಗಲೇ ಎಂಜಿನ್ನಿನ ಬಿಸಿಯನ್ನು ಹೀರಿಕೊಳ್ಳುತ್ತದೆ.

ಇದನ್ನು ಏಕೆ ಇಷ್ಟು ಉದ್ದ ಹೇಳಿದೆನೆಂದರೆ, ಮಾದರಿ ಕಟ್ಟುವಾಗ ಇದೇ ಕೆಲಸಕ್ಕೆ ಬರುತ್ತದೆ. ಇಂಧನ ಅಷ್ಟು ಹರಿಯಬೇಕಾದರೆ ಅದರ ಪೈಪು ಪ್ಲಗ್ ತಂತಿಗಿಂತ ಎಷ್ಟೋ ದಪ್ಪ ಇರಲೇಬೇಕು. ಎಲ್ಲದಕ್ಕೂ ಒಂದೇ ತಂತಿ ಬಳಸಿದ ಮಾದರಿಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಇಂಧನದ ಹರಿವನ್ನು ಹತೋಟಿಯಲ್ಲಿಡುವ ಬ್ಯಾರಲ್ ವಾಲ್ವಿಗೆ, ಅಲ್ಲಿಂದ ನಾಝಲ್‌ಗಳಿಗೆ, ಮಿಕ್ಕಿದ್ದು ಮರಳಿ ಟ್ಯಾಂಕಿಗೆ. ಈ ದಾರಿಯನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ, ಆಮೇಲೆ ತಂತಿ ಕತ್ತರಿಸಿ.

ಬಣ್ಣದ ಮನೆ, ದಾವಣಗೆರೆ:
ನಾನು ಕಾರುಗಳ ಡೆಂಟಿಂಗ್, ಪೇಂಟಿಂಗ್ ಕೆಲಸ ಮಾಡುವವನು. ರಾತ್ರಿ ಮಾದರಿಗಳಿಗೆ ಬಣ್ಣ ಹಚ್ಚುತ್ತೇನೆ. ಡ್ರ್ಯಾಗ್‌ಸ್ಟರ್‌ನ ಬಾಡಿ ಚಿಕ್ಕದು, ಅದಕ್ಕೆ ಸ್ಪ್ರೇ ಕ್ಯಾನ್ ಧಾರಾಳವಾಗಿ ಸಾಕು. ಟಾಮಿಯಾದ ಟಿಎಸ್-14 ಹೊಳೆಯುವ ಕಪ್ಪು. ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ, ಒಲೆಯ ಹತ್ತಿರವೂ ಒಯ್ಯಬೇಡಿ. ಮೊದಲ ಎರಡು ಪದರ ಮಂಜಿನಷ್ಟು ತೆಳ್ಳಗೆ, ಕೊನೆಯದು ಒದ್ದೆಯಾಗಿ. ಕೊನೆಯ ಪದರದಲ್ಲಿ ಹೆದರಿ ಕೈ ಹಿಂದೆಗೆದರೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ, ಹೆಚ್ಚು ಹೊತ್ತು ನಿಂತರೆ ಇಳಿದುಬಿಡುತ್ತದೆ.

ನಿಜವಾದ ಕೆಲಸ ಬಣ್ಣಕ್ಕಿಂತ ಮುಂಚಿನದು. ಕಪ್ಪು ಏನನ್ನೂ ಮುಚ್ಚುವುದಿಲ್ಲ, ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಜೋಡಣೆಯ ಗೆರೆ, ಅಚ್ಚಿನ ತಗ್ಗು, ಉಜ್ಜಿದ ಗೀರು ಯಾವುದನ್ನೂ ಬಿಡುವುದಿಲ್ಲ. ಬೂದು ಪ್ರೈಮರ್ ಹೊಡೆದು, 1000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ, ಮತ್ತೆ ಪ್ರೈಮರ್, ನಂತರ 1500. ಬೆಳಕನ್ನು ಅಡ್ಡಲಾಗಿ ಹಿಡಿದು ನೋಡಿದಾಗ ಒಂದು ಗೀರೂ ಕಾಣಬಾರದು.

ಗ್ಯಾರೇಜಿನ ಎನ್‌ಸಿ ಥಿನ್ನರ್ ಮಾತ್ರ ಈ ಪ್ಲಾಸ್ಟಿಕ್ಕಿನ ಹತ್ತಿರ ತರಬೇಡಿ. ಪಾಲಿಸ್ಟೈರೀನ್ ಕರಗಿ ಬಾಡಿಯ ಅಂಚುಗಳೇ ಮಾಯವಾಗುತ್ತವೆ.

ರೆಕ್ಕೆಗಾರ, ಬೆಂಗಳೂರು:
ವಿಮಾನಗಳ ಮಾದರಿ ಕಟ್ಟುವವನಾಗಿ ಒಂದು ಭಿನ್ನಾಭಿಪ್ರಾಯ. ಅಪ್ಪಟ ಕಪ್ಪು ಹಚ್ಚಬೇಡಿ. ದೂರದಿಂದ ನೋಡುವ ನಿಜವಾದ ವಸ್ತುವಿನ ಬಣ್ಣ ನಡುವಿನ ಗಾಳಿಯಿಂದಾಗಿ ಸ್ವಲ್ಪ ತಿಳಿಯಾಗಿ ಕಾಣುತ್ತದೆ. ಚಿಕ್ಕ ಮಾದರಿಯ ಮೇಲೆ ಅಪ್ಪಟ ಕಪ್ಪು ಹಾಕಿದರೆ ಅದು ಕಪ್ಪು ತೂತಿನ ಹಾಗೆ ಕಾಣುತ್ತದೆ, ವಿವರಗಳು ಸಾಯುತ್ತವೆ. ಸ್ವಲ್ಪ ಬೂದು ಅಥವಾ ಕಡುನೀಲಿ ಬೆರೆಸಿ. ಅದಕ್ಕಾಗಿಯಾದರೂ ಏರ್‌ಬ್ರಷ್ ಬೇಕು.

ಬಣ್ಣದ ಮನೆ, ದಾವಣಗೆರೆ:
ರೆಕ್ಕೆಗಾರ ಅವರೇ, ಅದು ಮಂಕು ಬಣ್ಣದ ಯುದ್ಧವಿಮಾನಕ್ಕೆ ಸರಿ. ಹೊಳೆಯುವ ಕಪ್ಪಿನಲ್ಲಿ ಕಣ್ಣಿಗೆ ಕಾಣುವುದು ಬಣ್ಣವಲ್ಲ, ಪ್ರತಿಬಿಂಬ. ಕಿಟಕಿ, ದೀಪ, ನೋಡುವವರ ಮುಖ ಎಲ್ಲವೂ ಅದರಲ್ಲಿ ಮೂಡುತ್ತವೆ. ಬೂದು ಬೆರೆಸಿದರೆ ಪ್ರತಿಬಿಂಬದ ಆಳ ಹೋಗಿ ಬಳಸಿ ಹಳತಾದ ಕಾರಿನಂತೆ ಕಾಣುತ್ತದೆ. ನನ್ನ ಕೈಯಲ್ಲಿ ಕಪ್ಪು ಕಾರುಗಳು ದಿನವೂ ಹಾದುಹೋಗುತ್ತವೆ, ಅದನ್ನು ನೋಡಿಯೇ ಹೇಳುತ್ತಿದ್ದೇನೆ.

ರೆಕ್ಕೆಗಾರ, ಬೆಂಗಳೂರು:
ನಿಮ್ಮ ಕೈಯಲ್ಲಿ ಹಾದುಹೋಗುವುದು ನಿಜವಾದ ಅಳತೆಯ ಕಾರು. ನಾನು ಹೇಳಿದ್ದು ಅಳತೆ ಇಪ್ಪತ್ತೈದು ಪಟ್ಟು ಚಿಕ್ಕದಾದಾಗ ಏನಾಗುತ್ತದೆ ಎಂಬುದನ್ನು. ಬಾಡಿಯ ವಿಷಯದಲ್ಲಿ ಬೇಕಾದರೆ ಬಿಟ್ಟುಕೊಡುತ್ತೇನೆ. ಆದರೆ ಬ್ಲೋವರ್ ಬೆಲ್ಟ್, ಸೀಟು, ಟೈರು ಇವುಗಳಿಗೂ ಅದೇ ಕಪ್ಪು ಬಳಿದರೆ ಎಲ್ಲವೂ ಒಂದೇ ಮುದ್ದೆಯಾಗುತ್ತದೆ. ಅಲ್ಲಿ ಮಾತ್ರ ನನ್ನ ಮಾತನ್ನು ಬಿಟ್ಟುಕೊಡಲಾರೆ.

ಹಳೆಯ ಪಿಸ್ಟನ್, ಮೈಸೂರು:
ಇಬ್ಬರೂ ಸರಿ. ಬಾಡಿಗೆ ಅಪ್ಪಟ ಹೊಳೆಯುವ ಕಪ್ಪು, ಬೆಲ್ಟಿಗೆ ಮಂಕು ಕಪ್ಪು, ಸೀಟಿಗೆ ಅರೆಹೊಳಪು, ಟೈರಿಗೆ ಕಡುಬೂದು. ನಾಲ್ಕು ಬೇರೆ ಬೇರೆ ಕಪ್ಪುಗಳು ಪಕ್ಕಪಕ್ಕದಲ್ಲಿ ಕುಳಿತರೆ ಮಾದರಿಗೆ ಜೀವ ಬರುತ್ತದೆ.

ಕಡಲತಡಿ, ಮಂಗಳೂರು:
ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ಬಣ್ಣ ಹೊಡೆಯುವುದು ದೊಡ್ಡ ಸಾಹಸ. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಕಪ್ಪಿನ ಮೇಲೆ ಬಿಳಿ ಮಂಕು ಕವಿಯುತ್ತದೆ. ಏರ್‌ಬ್ರಷ್ ಇರುವವರು ನಿಧಾನವಾಗಿ ಆರುವ ಥಿನ್ನರ್ ಬಳಸಿ. ಮಿಸ್ಟರ್ ಹಾಬಿಯ ಲೆವೆಲಿಂಗ್ ಥಿನ್ನರ್‌ನಲ್ಲಿ ಆರುವಿಕೆಯನ್ನು ತಡಮಾಡುವ ಅಂಶ ಇದ್ದೇ ಇದೆ. ಕ್ಯಾನ್ ಬಳಸುವವರಿಗೆ ಆ ದಾರಿ ಇಲ್ಲ. ಮಳೆ ಬಿಟ್ಟ ಬಿಸಿಲಿನ ದಿನಕ್ಕೆ ಕಾಯಬೇಕು. ಬೆಂಗಳೂರಿನವರಿಗೆ ಈ ಕಷ್ಟ ಕಡಿಮೆ.

ಚಿಕ್ಕಗಾಡಿ, ಬೆಂಗಳೂರು:
ಬೆಂಗಳೂರಿನಲ್ಲಿ ತೇವಕ್ಕಿಂತ ಧೂಳಿನ ಕಾಟ. ಪಕ್ಕದ ಸೈಟಿನಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆ. ಬಾಲ್ಕನಿಯಲ್ಲಿ ಬಣ್ಣ ಹೊಡೆಯುವ ಮಾತೇ ಇಲ್ಲ.

ಉಳಿಸುತ್ತಿಗೆ, ತುಮಕೂರು:
ಬಚ್ಚಲುಮನೆಯಲ್ಲಿ ಹೊಡೆಯಿರಿ. ಬಿಸಿನೀರು ಬಿಟ್ಟು ಹಬೆ ತುಂಬಿಸಿ, ಧೂಳೆಲ್ಲ ನೆಲಕ್ಕೆ ಇಳಿದ ಮೇಲೆ ಬಾಗಿಲು ಹಾಕಿಕೊಂಡು ಸ್ಪ್ರೇ ಮಾಡಿ. ಒಂದು ಕಣವೂ ಅಂಟುವುದಿಲ್ಲ.

ಕಡಲತಡಿ, ಮಂಗಳೂರು:
ಹಬೆ ತುಂಬಿದ ಕೋಣೆಯಲ್ಲಿ ಲ್ಯಾಕರ್? ಮೇಲೆ ನಾನು ಹೇಳಿದ ಬಿಳಿ ಮಂಕನ್ನು ಮನೆಗೇ ಕರೆದಂತಾಯಿತು. ನೆಲ, ಗೋಡೆಗೆ ತಣ್ಣೀರು ಚಿಮುಕಿಸಿದರೆ ಸಾಕು.

ಹಳೆಯ ಪಿಸ್ಟನ್, ಮೈಸೂರು:
ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಎಷ್ಟೋ ಮನೆಗಳ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರುತ್ತದೆ. ಸ್ಪ್ರೇ ಕ್ಯಾನಿನ ಒತ್ತಡದ ಅನಿಲವೂ ಉರಿಯುವಂಥದ್ದು, ಥಿನ್ನರಿನ ಆವಿಯೂ ಉರಿಯುವಂಥದ್ದು. ಮುಚ್ಚಿದ ಕೋಣೆ, ಒಂದು ಕಿಡಿ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಕಿಟಕಿ ತೆರೆದ ಕೋಣೆಯಲ್ಲಿ, ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಹೊಡೆದು, ತಕ್ಷಣ ಮೇಲೊಂದು ಡಬ್ಬಿ ಮುಚ್ಚಿಡಿ. ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಕಡ್ಡಾಯ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಉಳಿಸುತ್ತಿಗೆ, ತುಮಕೂರು:
ನಮ್ಮ ಮನೆಯಲ್ಲಿರುವುದು ಸೋಲಾರ್, ಆ ಕಡೆ ಯೋಚನೆ ಹೋಗಿರಲಿಲ್ಲ. ಗ್ಯಾಸ್ ಇರುವವರು ನನ್ನ ಮಾತು ಬಿಟ್ಟುಬಿಡಿ. ಕೊನೆಯಲ್ಲಿ 2ಕೆ ಕ್ಲಿಯರ್ (ಗಟ್ಟಿಕಾರಕ ಬೆರೆಸಿ ಹೊಡೆಯುವ ಪಾರದರ್ಶಕ ಪದರ) ಹೊಡೆದರೆ ಗಾಜಿನಂಥ ಹೊಳಪು ಬರುತ್ತದೆ ಎನ್ನುತ್ತಾರಲ್ಲ, ಅದು ಹೇಗೆ?

ಬಣ್ಣದ ಮನೆ, ದಾವಣಗೆರೆ:
ಹೊಳಪು ಬರುತ್ತದೆ ನಿಜ. ಆದರೆ ಅದರ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಗ್ಯಾರೇಜಿನಲ್ಲಿ ನಾವು ಹೊರಗಿನ ಗಾಳಿ ಬರುವ ಮುಖಕವಚ ಹಾಕಿಕೊಂಡು ಹೊಡೆಯುತ್ತೇವೆ. ಮನೆಯಲ್ಲಿ ಬೇಡ. ಅಲ್ಲದೆ ಪದರ ದಪ್ಪವಾಗಿ ಬಾಡಿಯ ಫಲಕಗಳ ಗೆರೆ ತುಂಬಿಹೋಗುತ್ತದೆ. ಟಿಎಸ್-13 ಕ್ಲಿಯರ್ ಸಾಕು. ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ) ಮೇಲೆ ಅದನ್ನು ಒಮ್ಮೆಗೇ ಒದ್ದೆಯಾಗಿ ಹೊಡೆದರೆ ಡೆಕಾಲ್ ಸುಕ್ಕಾಗುವ ಸಾಧ್ಯತೆ ಇದೆ. ತೆಳ್ಳಗೆ, ತಡೆದು ತಡೆದು ಹೊಡೆಯಿರಿ. ಪೂರ್ತಿ ಗಟ್ಟಿಯಾಗಲು ಬಿಟ್ಟು 2000 ಪೇಪರ್, ಆಮೇಲೆ ರಬ್ಬಿಂಗ್ ಕಾಂಪೌಂಡ್. ಅಂಚುಗಳ ಮೇಲೆ ಕೈ ಹಗುರವಾಗಿರಲಿ, ಬಣ್ಣ ಮೊದಲು ಕಿತ್ತುಬರುವುದು ಅಲ್ಲೇ.

ತಂತಿಜಾಲ, ಹುಬ್ಬಳ್ಳಿ:
ಬಣ್ಣದ ಚರ್ಚೆ ಮುಗಿದಿದ್ದರೆ ತಂತಿಗೆ ಬರೋಣ. ನಿಜವಾದ ಪ್ಲಗ್ ತಂತಿ 7ರಿಂದ 8 ಮಿಲಿಮೀಟರ್ ದಪ್ಪ. ಇಪ್ಪತ್ತೈದರಿಂದ ಭಾಗಿಸಿದರೆ 0.28ರಿಂದ 0.32. ಪಂಪ್‌ಸೆಟ್ ಮೋಟಾರು ರಿವೈಂಡ್ ಮಾಡುವ ಅಂಗಡಿ ಪ್ರತಿ ಊರಿನಲ್ಲೂ ಇದೆ. 30 ಗೇಜ್ ವೈಂಡಿಂಗ್ ತಂತಿ ಕೇಳಿ. ಅದರ ದಪ್ಪ 0.315 ಮಿ.ಮೀ., ಇದಕ್ಕೆಂದೇ ಮಾಡಿದಂತಿದೆ. ಪರದೇಶದ ಡೀಟೇಲ್ ಸೆಟ್‌ಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಮೊದಲು ಬೆರಳುಗಳ ನಡುವೆ ಎಳೆದು ನೇರ ಮಾಡಿ, ಬಣ್ಣ ಹಚ್ಚಿ, ಒಣಗಿದ ಮೇಲೆ ಬಗ್ಗಿಸಿ.

ಈ ಕಾರಿನದು ಹೆಮಿ, ಅಂದರೆ ಅರ್ಧಗೋಳದ ಆಕಾರದ ದಹನಕೋಣೆ ಇರುವ ಕ್ರೈಸ್ಲರ್ ಎಂಜಿನ್. ಅದರಲ್ಲಿ ಪ್ಲಗ್ ಇರುವುದು ಸಿಲಿಂಡರ್ ತಲೆಯ ನಟ್ಟನಡುವೆ. ಆದ್ದರಿಂದ ತಂತಿ ವಾಲ್ವ್ ಕವರಿನ ನಡುವಿನ ತೂತಿನೊಳಕ್ಕೆ ಇಳಿಯಬೇಕು. ಬೇರೆ ವಿ8 ಎಂಜಿನ್ನುಗಳಂತೆ ಕೆಳಗಿನಿಂದ, ಸೈಲೆನ್ಸರ್ ಪೈಪುಗಳ ಸಂದಿನಿಂದ ತಂದರೆ ಅದು ಹೆಮಿ ಅಲ್ಲ.

ಉಳಿಸುತ್ತಿಗೆ, ತುಮಕೂರು:
ಪ್ಲಗ್ಗುಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಹಿಂದೆ ಇರುತ್ತದಲ್ಲವೇ? ನಾನು ನೋಡಿದ ಹಳೆಯ ಹೆಮಿ ಡ್ರ್ಯಾಗ್‌ಸ್ಟರ್ ಚಿತ್ರಗಳಲ್ಲೆಲ್ಲ ಬ್ಲೋವರಿನ ಹಿಂಬದಿಯಲ್ಲೇ ಇದೆ.

ತಂತಿಜಾಲ, ಹುಬ್ಬಳ್ಳಿ:
ನೀವು ನೋಡಿದ್ದು 392 ಘನ ಅಂಗುಲದ ಹೆಮಿ. ಕ್ರೈಸ್ಲರ್‌ನ 1950ರ ದಶಕದ ಹೆಮಿಗಳಲ್ಲಿ ಡಿಸ್ಟ್ರಿಬ್ಯೂಟರ್ ಹಿಂದೆ, ಮ್ಯಾಗ್ನೆಟೋ ಕೂರುವುದು ಅದರ ಜಾಗದಲ್ಲೇ. 1964ರಲ್ಲಿ ಬಂದ 426 ಬೇರೆಯೇ ಎಂಜಿನ್. ಅದರಲ್ಲಿ ಆ ಜಾಗ ಮುಂಭಾಗದ ಬಲಗಡೆ. ಗಾರ್ಲಿಟ್ಸ್ ಅವರ ಈ ಕಾರಿನಲ್ಲಿರುವುದು 426. ಮ್ಯಾಗ್ನೆಟೋ ಕ್ಯಾಪಿನಲ್ಲಿ ಎಂಟು ತೂತು ಕೊರೆಯಿರಿ. ಎಡಗಡೆ 1, 3, 5, 7. ಬಲಗಡೆ 2, 4, 6, 8. ಕಿಡಿಯ ಕ್ರಮ 1-8-4-3-6-5-7-2.

ಉಳಿಸುತ್ತಿಗೆ, ತುಮಕೂರು:
ಕಿಡಿಯ ಕ್ರಮವನ್ನೂ ಪಾಲಿಸಬೇಕೇ? 1/25ರಲ್ಲಿ ಯಾರು ಎಣಿಸುತ್ತಾರೆ?

ತಂತಿಜಾಲ, ಹುಬ್ಬಳ್ಳಿ:
ನಾನು ಎಣಿಸುತ್ತೇನೆ. ಸರಿಯಾದ ಕ್ರಮದಲ್ಲಿ ಎಳೆದಾಗ ತಂತಿಗಳು ಒಂದನ್ನೊಂದು ದಾಟುವ ರೀತಿಯೇ ಬೇರೆ, ನೋಡಿದ ತಕ್ಷಣ ಕಣ್ಣು ಒಪ್ಪಿಕೊಳ್ಳುತ್ತದೆ. ಮನಬಂದಂತೆ ಎಳೆದರೆ ಎರಡು ಗೊಂಚಲು ಮಾತ್ರ ಕಾಣುತ್ತದೆ. ಕೆಲಸ ಎರಡಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ ಎಂದಮೇಲೆ ಸರಿಯಾದುದನ್ನೇ ಏಕೆ ಮಾಡಬಾರದು?

ಹಳೆಯ ಪಿಸ್ಟನ್, ಮೈಸೂರು:
ತಂತಿಜಾಲ ಅವರ ಮಾತಿಗೆ ನನ್ನದೂ ಸಹಿ. ಜೊತೆಗೆ ಇದನ್ನೂ ಗಮನಿಸಿ: ಎಂಜಿನ್ ಹಿಂದಕ್ಕೆ ಹೋದರೂ ಅದರ ಮುಖ ಮುಂದಕ್ಕೇ ಇದೆ. ಅಂದರೆ ಬ್ಲೋವರ್ ಬೆಲ್ಟ್ ಇರುವ ಬದಿ ಚಾಲಕನ ತಲೆಯ ಹಿಂದಕ್ಕೇ ಬರುತ್ತದೆ. ಇಂಧನದ ಪಂಪೂ ಅದೇ ಬದಿಯಲ್ಲಿ, ಕ್ಯಾಮ್‌ಶಾಫ್ಟಿನ ಮುಂತುದಿಯಿಂದ ತಿರುಗುತ್ತದೆ. ಹಾಗಾಗಿ ಈ ಕಾರಿನಲ್ಲಿ ಅತಿ ಹೆಚ್ಚು ವಿವರ ಇರುವ ಜಾಗ ಚಾಲಕನ ಕೋಣೆ ಮತ್ತು ಎಂಜಿನ್ನಿನ ನಡುವಿನ ಆ ಇಕ್ಕಟ್ಟಾದ ಸಂದು. ಎಂಜಿನ್ನನ್ನು ಚಾಸಿಸ್ಸಿಗೆ ಅಂಟಿಸಿದ ಮೇಲೆ ಅಲ್ಲಿಗೆ ಚಿಮಟ ಹೋಗುವುದಿಲ್ಲ. ಅಲ್ಲಿನ ಪೈಪುಗಳನ್ನು ಮೊದಲೇ ಜೋಡಿಸಿ.

ಮ್ಯಾಗ್ನೆಟೋ ಕಿಡಿಗೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸುತ್ತದೆ. ಆದ್ದರಿಂದ ಆಲ್ಟರ್ನೇಟರ್ ಇಲ್ಲ. ಸ್ಟಾರ್ಟರ್ ಮೋಟಾರೂ ಕಾರಿನ ಮೇಲೆ ಇಲ್ಲ. ಹಳೆಯ ಡಬ್ಬಿಯಲ್ಲಿ ಉಳಿದ ಭಾಗಗಳನ್ನೆಲ್ಲ ತಂದು ಅಂಟಿಸುವ ಆಸೆ ಬೇಡ.

ಪೊಮೋನಾ ಕನ್ನಡಿಗ, ಕ್ಯಾಲಿಫೋರ್ನಿಯಾ:
ಇಷ್ಟು ದಿನ ಓದುತ್ತಾ ಮಾತ್ರ ಇದ್ದೆ, ಈ ಕಾರಿನ ಹೆಸರು ಕಂಡು ಬರೆಯುತ್ತಿದ್ದೇನೆ. ನಮ್ಮ ಮನೆ ಇರುವುದು ಪೊಮೋನಾ ಓಟದ ಪಟ್ಟಿಗೆ ಹತ್ತಿರ. 1970ರ ಮಾರ್ಚ್ 8ರಂದು ಇಲ್ಲೇ ಲಾಂಗ್ ಬೀಚ್ ಬಳಿಯ ಲಯನ್ಸ್ ಪಟ್ಟಿಯಲ್ಲಿ ಗಾರ್ಲಿಟ್ಸ್ ಅವರ ‘ಸ್ವಾಂಪ್ ರ್ಯಾಟ್ 13’ ಹೊರಟ ಕ್ಷಣದಲ್ಲೇ ಅದರ ಗೇರ್‌ಬಾಕ್ಸ್ ಸಿಡಿಯಿತು. ಎಂಜಿನ್ ಮುಂದೆ, ಚಾಲಕ ಹಿಂದೆ ಇದ್ದ ಹಳೆಯ ವಿನ್ಯಾಸ. ಗೇರ್‌ಬಾಕ್ಸ್ ಇದ್ದದ್ದು ಅವರ ಕಾಲುಗಳ ಬಳಿಯಲ್ಲೇ. ಕಾರು ಎರಡು ತುಂಡಾಯಿತು, ಅವರ ಬಲಪಾದದ ಮುಂಭಾಗ ಹೋಯಿತು. ಆಸ್ಪತ್ರೆಯಲ್ಲಿರುವಾಗಲೇ ಎಂಜಿನ್ನನ್ನು ಬೆನ್ನ ಹಿಂದಕ್ಕೆ ಕಳಿಸುವ ಯೋಚನೆ ಶುರುಮಾಡಿದರು. ಮರುವರ್ಷ, 1971ರಲ್ಲಿ, ಆ ಹೊಸ ಕಾರಿನಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಗೆದ್ದರು. ಕೆಲವೇ ವರ್ಷಗಳಲ್ಲಿ ಮುಂದೆ ಎಂಜಿನ್ ಇರುವ ಟಾಪ್ ಫ್ಯೂಯಲ್ ಕಾರುಗಳು ಕಣ್ಮರೆಯಾದವು.

ನೀವು ಕಟ್ಟುತ್ತಿರುವುದು ಆ ವಿನ್ಯಾಸವನ್ನೇ. ಅದಕ್ಕಾಗಿ ಆ ಇಕ್ಕಟ್ಟಿನ ಸಂದನ್ನು ಚೆನ್ನಾಗಿ ಮಾಡಿ ಎಂದು ನಾನೂ ಕೇಳಿಕೊಳ್ಳುತ್ತೇನೆ.

ರೆಕ್ಕೆಗಾರ, ಬೆಂಗಳೂರು:
ಹಾಗಾದರೆ ಹಿಂದೆ ಎಂಜಿನ್ ಇಡುವುದನ್ನು ಕಂಡುಹಿಡಿದವರೇ ಇವರು ಎನ್ನಬಹುದೇ?

ಪೊಮೋನಾ ಕನ್ನಡಿಗ, ಕ್ಯಾಲಿಫೋರ್ನಿಯಾ:
ಇಲ್ಲ. ಅದಕ್ಕೂ ಮೊದಲು ಬೇರೆಯವರು ಕಟ್ಟಿದ್ದರು. ಆದರೆ ಆ ಕಾರುಗಳು ವೇಗದಲ್ಲಿ ಅತ್ತಿತ್ತ ಎಳೆಯುತ್ತಿದ್ದವು, ಚಾಲಕರಿಗೆ ಭಯ. ಗಾರ್ಲಿಟ್ಸ್ ಮತ್ತು ಅವರ ಜೊತೆಗಾರರು ಸ್ಟೀರಿಂಗ್ ಅನುಪಾತವನ್ನು ನಿಧಾನಗೊಳಿಸಿದರು. ಚಕ್ರ ಸ್ವಲ್ಪ ತಿರುಗಬೇಕಾದರೂ ಸ್ಟೀರಿಂಗನ್ನು ಹೆಚ್ಚು ತಿರುಗಿಸಬೇಕು. ಆಗ ಕಾರು ನೇರ ಓಡಿತು. ಗೆಲ್ಲುವಂತೆ ಮಾಡಿದ್ದು ಅವರ ದೊಡ್ಡತನ. ಅವರ 1986ರ ‘ಸ್ವಾಂಪ್ ರ್ಯಾಟ್ 30’ ಗಂಟೆಗೆ 270 ಮೈಲಿ ದಾಟಿತು, ಅಂದರೆ ಸುಮಾರು 434 ಕಿಲೋಮೀಟರ್. ಆ ಕಾರು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಉಳಿದ ಹಲವು ಕಾರುಗಳು ಫ್ಲಾರಿಡಾದ ಒಕಾಲಾದಲ್ಲಿರುವ ಅವರದೇ ವಸ್ತುಸಂಗ್ರಹಾಲಯದಲ್ಲಿವೆ.

ತಂತಿಜಾಲ, ಹುಬ್ಬಳ್ಳಿ:
ಸದ್ದು ಹೇಗಿರುತ್ತದೆ ಸರ್? ಇಲ್ಲಿ ಯಾರೂ ಕೇಳಿಲ್ಲ.

ಪೊಮೋನಾ ಕನ್ನಡಿಗ, ಕ್ಯಾಲಿಫೋರ್ನಿಯಾ:
ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಕಿವಿಗೆ ರಕ್ಷಣೆ ಇಲ್ಲದೆ ನಿಲ್ಲಲಾಗದು. ಉರಿದ ನೈಟ್ರೋದ ಹೊಗೆ ತಾಗಿ ಕಣ್ಣಲ್ಲಿ ನೀರು ಬರುತ್ತದೆ. ಮಗಳನ್ನು ಮೊದಲ ಸಲ ಕರೆದೊಯ್ದಾಗ ಅವಳು ನನ್ನ ಕೈ ಬಿಡಲಿಲ್ಲ, ಮನೆಗೆ ಬರಲೂ ಒಪ್ಪಲಿಲ್ಲ.

ಗೃಹಿಣಿ, ಧಾರವಾಡ:
ನನ್ನ ಮಗನಿಗೆ ಹನ್ನೆರಡು ವರ್ಷ. ಇದನ್ನೆಲ್ಲ ಓದಿ ತನಗೂ ಇದೇ ಕಿಟ್ ಬೇಕು ಎನ್ನುತ್ತಿದ್ದಾನೆ. ಕೊಡಿಸಬಹುದೇ? ಥಿನ್ನರ್, ಆವಿ ಎಂದೆಲ್ಲ ಓದಿ ಭಯವಾಗಿದೆ.

ಬಣ್ಣದ ಮನೆ, ದಾವಣಗೆರೆ:
ಅಕ್ಕ, ಕಿಟ್ ಕಟ್ಟಲು ಕೊಡಿಸಿ, ಖಂಡಿತ ಕಲಿಯುತ್ತಾನೆ. ಆದರೆ ಮೊದಲಿಗೆ ಡ್ರ್ಯಾಗ್‌ಸ್ಟರ್ ಬೇಡ, ಚಾಸಿಸ್ ಕೊಳವೆಗಳು ಸಣ್ಣ, ಮುರಿದರೆ ಮಗುವಿಗೆ ಬೇಸರ. ಒತ್ತಿದರೆ ಕೂರುವಂಥ ಸರಳ ಕಿಟ್ ಇರಲಿ. ಬಣ್ಣಕ್ಕೆ ನೀರಿನಲ್ಲಿ ಕರಗುವ ಅಕ್ರಿಲಿಕ್, ಕುಂಚದಿಂದ. ಸ್ಪ್ರೇ ಕೆಲಸ ದೊಡ್ಡವರು ಮಾಡಿಕೊಡಬೇಕು.

ಹಳೆಯ ಪಿಸ್ಟನ್, ಮೈಸೂರು:
ಬ್ಲೇಡಿನ ವಿಷಯದಲ್ಲೂ ಪಕ್ಕದಲ್ಲಿ ಕುಳಿತುಕೊಳ್ಳಿ ಅಮ್ಮ. ಮೊಂಡಾದ ಬ್ಲೇಡೇ ಹೆಚ್ಚು ಕೈ ಕೊಯ್ಯುವುದು, ಒತ್ತಿ ಜಾರುತ್ತದೆ.

ಚಿಕ್ಕಗಾಡಿ, ಬೆಂಗಳೂರು:
ಕ್ರೋಮ್ ಬಗ್ಗೆ ಯಾರೂ ಹೇಳಲಿಲ್ಲ.

ಉಳಿಸುತ್ತಿಗೆ, ತುಮಕೂರು:
ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿ. ಬಿಡದಿದ್ದರೆ ಸ್ವಲ್ಪ ಟಾಯ್ಲೆಟ್ ಕ್ಲೀನರ್ ಸೇರಿಸಿ, ಬೇಗ ಬಿಡಬಹುದು.

ತಂತಿಜಾಲ, ಹುಬ್ಬಳ್ಳಿ:
ಬೇಡ! ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಇರುವುದು ಆಮ್ಲವೇ. ನಿರ್ವಾಹಕರು ಆ ಸಾಲನ್ನು ತೆಗೆಯಬೇಕು.

ನಿರ್ವಾಹಕ:
ಸಾಲನ್ನೂ ಅದರ ಕೆಳಗಿನ ಎಚ್ಚರಿಕೆಯನ್ನೂ ಒಟ್ಟಿಗೇ ಉಳಿಸಿದ್ದೇನೆ. ಒಂದನ್ನು ಅಳಿಸಿದರೆ ನಾಳೆ ಇನ್ನೊಬ್ಬರು ಅದೇ ಸಲಹೆ ಕೊಡುತ್ತಾರೆ. ಬ್ಲೀಚ್ ಜೊತೆ ಏನನ್ನೂ ಬೆರೆಸಬೇಡಿ.

ಬಣ್ಣದ ಮನೆ, ದಾವಣಗೆರೆ:
ಬ್ಲೀಚ್ ಒಂದೇ ಸಾಕು, ಕಿಟ್‌ನ ಕ್ರೋಮ್ ತೆಳುವಾದ ಅಲ್ಯೂಮಿನಿಯಂ ಪದರ ಅಷ್ಟೇ. ಅದು ಹೋದ ಮೇಲೂ ಕೆಳಗೆ ಪಾರದರ್ಶಕ ಲ್ಯಾಕರ್ ಉಳಿಯುತ್ತದೆ. ಅಚ್ಚಿನ ಗೆರೆ ಕೆರೆಯುವಾಗ ಅದನ್ನೂ ಉಜ್ಜಿ. ಎಲ್ಲವನ್ನೂ ಮತ್ತೆ ಕ್ರೋಮ್ ಮಾಡಬೇಡಿ. ಬ್ಲೋವರಿಗೆ ಉಜ್ಜಿದ ಅಲ್ಯೂಮಿನಿಯಂ, ಬ್ಲಾಕಿಗೆ ಮಂಕು ಲೋಹ, ಮೇಲಿನ ಇಂಜೆಕ್ಟರ್ ಟೊಪ್ಪಿಗೆಗೆ ಮಾತ್ರ ಹೊಳಪು. ಅಲ್‌ಕ್ಲಾಡ್ ಕ್ರೋಮ್ ಬಳಸುವುದಾದರೆ ಅದರ ಕೆಳಗೆ ಹೊಳೆಯುವ ಕಪ್ಪು ಬೇಕು. ಮೇಲಕ್ಕೆ ಬಾಗಿದ ಹೊಗೆಕೊಳವೆಗಳ ತುದಿಯನ್ನು ಕೈಡ್ರಿಲ್ಲಿನಿಂದ ಟೊಳ್ಳು ಮಾಡಿ, ಒಳಗೆ ಮಸಿಕಪ್ಪು. ಸಣ್ಣ ಡ್ರಿಲ್ ಬಿಟ್ಟುಗಳು ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತವೆ, ಸರ್ಕ್ಯೂಟ್ ಬೋರ್ಡ್ ಕೊರೆಯುವಂಥವು.

ಕಡಲತಡಿ, ಮಂಗಳೂರು:
ಟೈರಿನ ಬಗ್ಗೆ ಎಚ್ಚರ. ಹಳೆಯ ಅಚ್ಚಿನ ಕಿಟ್‌ಗಳ ಮೆತ್ತನೆಯ ವಿನೈಲ್ ಟೈರುಗಳಿಂದ ಎಣ್ಣೆಯಂಥ ಅಂಶ ನಿಧಾನವಾಗಿ ಹೊರಬಂದು, ತಾಗಿಕೊಂಡಿರುವ ಪ್ಲಾಸ್ಟಿಕ್ ಚಕ್ರವನ್ನೇ ಕರಗಿಸಬಲ್ಲದು. ಪೆಟ್ಟಿಗೆಯಲ್ಲೂ ಟೈರುಗಳನ್ನು ಬೇರೆ ಚೀಲದಲ್ಲಿಡಿ. ಜೋಡಿಸುವಾಗ ಚಕ್ರದ ಸುತ್ತ ಅಡುಗೆಮನೆಯ ಫಾಯಿಲ್ಲಿನ ತೆಳು ಪಟ್ಟಿ ಸುತ್ತಿ. ಹಿಂದಿನ ಸ್ಲಿಕ್ ಟೈರಿನ ನೆಲ ತಾಗುವ ಭಾಗವನ್ನು ಮಾತ್ರ ಮರಳು ಕಾಗದದಿಂದ ಉಜ್ಜಿದರೆ ಓಡಿದ ಟೈರಿನ ಕಳೆ ಬರುತ್ತದೆ.

ರೆಕ್ಕೆಗಾರ, ಬೆಂಗಳೂರು:
ನನ್ನ ಹತ್ತಿರ ಹಳೆಯದೊಂದು ಕಿಟ್ ಇದೆ, ಡೆಕಾಲ್ ಹಾಳೆ ಹಳದಿಯಾಗಿದೆ. ಉಪಾಯ ಇದೆಯೇ?

ಕಡಲತಡಿ, ಮಂಗಳೂರು:
ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿ, ಚಿತ್ರ ಹೊರಮುಖವಾಗಿರಲಿ. ಕೆಲವು ವಾರಗಳಲ್ಲಿ ಹಳದಿ ಇಳಿಯುತ್ತದೆ. ನೀರಿಗೆ ಹಾಕುವ ಮೊದಲು ಒಂದು ಮೂಲೆಯನ್ನು ಪರೀಕ್ಷಿಸಿ; ಒಡೆಯುವಂತಿದ್ದರೆ ಹಾಳೆಯ ಮೇಲೆ ತೆಳ್ಳಗೆ ಕ್ಲಿಯರ್ ಹೊಡೆದುಕೊಳ್ಳಿ.

ಹಳೆಯ ಪಿಸ್ಟನ್, ಮೈಸೂರು:
ವಿಷಯದಿಂದ ಸ್ವಲ್ಪ ಆಚೆ, ಆದರೆ ಹೇಳದೆ ಇರಲಾರೆ. ಆ ಬ್ಲೋವರಿನ ಹೆಸರು 6-71. ಅದು ಮೂಲತಃ ಜನರಲ್ ಮೋಟರ್ಸ್‌ನ ಟೂ ಸ್ಟ್ರೋಕ್ ಡೀಸೆಲ್ ಎಂಜಿನ್ನಿನದು. ಲಾರಿ, ಬಸ್ಸುಗಳಲ್ಲಿ ಓಡಿದ ಎಂಜಿನ್. ಆರು ಸಿಲಿಂಡರ್, ಒಂದೊಂದು 71 ಘನ ಅಂಗುಲ. ಆರನ್ನು 71ರಿಂದ ಗುಣಿಸಿ ನೋಡಿ.

ತಂತಿಜಾಲ, ಹುಬ್ಬಳ್ಳಿ:
426! ಹೆಮಿಯ ಅಳತೆಯೇ!

ಹಳೆಯ ಪಿಸ್ಟನ್, ಮೈಸೂರು:
ಬರೀ ಕಾಕತಾಳೀಯ. ಆದರೂ ಸರಕು ಸಾಗಿಸುವ ಗಾಡಿಯ ಗಾಳಿಯಂತ್ರವನ್ನು ಬಿಚ್ಚಿ ತಂದು ಓಟದ ಎಂಜಿನ್ನಿನ ತಲೆಯ ಮೇಲೆ ಕೂರಿಸಿದವರ ಧೈರ್ಯ ನನಗೆ ಬಹಳ ಇಷ್ಟ.

ಚಿಕ್ಕಗಾಡಿ, ಬೆಂಗಳೂರು:
ಎಲ್ಲರಿಗೂ ಧನ್ಯವಾದ. ಬಾಡಿಗೆ ಟಿಎಸ್-14 ಅಪ್ಪಟ ಕಪ್ಪೇ ಹೊಡೆಯುತ್ತೇನೆ, ಉಳಿದ ಕಪ್ಪುಗಳಲ್ಲಿ ರೆಕ್ಕೆಗಾರ ಅವರ ಮಾತು ಕೇಳುತ್ತೇನೆ. ಪಂಪ್, ಮ್ಯಾಗ್ನೆಟೋ, ಬೆಲ್ಟ್ ಇರುವ ಮುಂಬದಿಯನ್ನು ಪೂರ್ತಿ ಮುಗಿಸಿ ಆಮೇಲೆ ಎಂಜಿನ್ ಕೂರಿಸುತ್ತೇನೆ. ಕೊನೆಯ ಎರಡು ಪ್ರಶ್ನೆ: ಇಂಧನದ ಪೈಪಿಗೆ ಹೆಣೆದ ಸ್ಟೀಲಿನಂತೆ ಕಾಣುವ ಕೊಳವೆ ತರಿಸಲೇ? ಚಾಲಕನ ಸೀಟ್‌ಬೆಲ್ಟ್ ಯಾವುದರಿಂದ ಮಾಡಲಿ?

ಪೊಮೋನಾ ಕನ್ನಡಿಗ, ಕ್ಯಾಲಿಫೋರ್ನಿಯಾ:
1971ರ ಸುಮಾರಿನ ಛಾಯಾಚಿತ್ರಗಳನ್ನು ನೋಡಿ, ಬಹುಪಾಲು ಸಾದಾ ಕಪ್ಪು ರಬ್ಬರ್ ಪೈಪು. ಹೆಣೆದ ಸ್ಟೀಲು ತುಂಬಿದರೆ ಕಾರು ಅದರ ಕಾಲಕ್ಕಿಂತ ಹೊಸದಾಗಿ ಕಾಣುತ್ತದೆ.

ಗೃಹಿಣಿ, ಧಾರವಾಡ:
ಬೆಲ್ಟಿಗೆ ಔಷಧಿ ಅಂಗಡಿಯ ಕಾಗದದ ಟೇಪ್ ಆಗಬಹುದೇ? ಗಾಯಕ್ಕೆ ಹಾಕುತ್ತಾರಲ್ಲ, ಅದರಲ್ಲಿ ಬಟ್ಟೆಯಂಥ ನೇಯ್ಗೆ ಕಾಣುತ್ತದೆ.

ತಂತಿಜಾಲ, ಹುಬ್ಬಳ್ಳಿ:
ಮೇಡಂ, ತುಂಬ ಒಳ್ಳೆಯ ಉಪಾಯ, ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎರಡು ಪದರ ಬೆನ್ನಿಗೆ ಬೆನ್ನು ಅಂಟಿಸಿ, ಉಕ್ಕಿನ ಪಟ್ಟಿಯಿಟ್ಟು 3 ಮಿಲಿಮೀಟರ್ ಅಗಲ ಕತ್ತರಿಸಿದರೆ ಭುಜದ ಬೆಲ್ಟಿನ ಅಳತೆಗೆ ಸರಿಹೋಗುತ್ತದೆ. ಬಕಲ್‌ಗೆ ಅದೇ 30 ಗೇಜ್ ತಂತಿಯನ್ನು ಚೌಕವಾಗಿ ಬಗ್ಗಿಸಿ.

ಗೃಹಿಣಿ, ಧಾರವಾಡ:
ಹಾಗಾದರೆ ಮಗನಿಗೆ ಕಿಟ್ ಬರುವವರೆಗೆ ಬೆಲ್ಟ್ ಕತ್ತರಿಸುವುದನ್ನೇ ಕಲಿಸುತ್ತೇನೆ. ಪಟ್ಟಿ ಹಿಡಿಯುವುದು ನಾನು.